ಹೊಸ ಅಂಟು

ಬಸವೇಶ್ವರನಗರ, ಬೆಂಗಳೂರು
9 ಜೂನ್ 2024

ಪ್ರೀತಿಯ ಸತ್ಯಾ,

ಫೋನಿರುವಾಗ ಅಕ್ಕ ಯಾಕೆ ಕಾಗದ ಬರೆಯುತ್ತಿದ್ದಾಳೆ ಎಂದು ನಿನಗೆ ಆಶ್ಚರ್ಯವಾಗಿರಬಹುದು. ನಾನು ಫೋನ್ ಹಿಡಿದು ಮಾತಾಡಿದರೆ ನಿನ್ನ ಭಾವನಿಗೆ ಸಂಶಯ. ಯಾರಿಗೋ ಹೇಳಿ ತಮ್ಮನ್ನು ಎಲ್ಲಿಗೋ ಸಾಗಿಸುತ್ತಿದ್ದೇನೆ ಎಂದುಕೊಂಡು ಕಿತ್ತುಕೊಳ್ಳಲು ಬರುತ್ತಾರೆ. ಮೆಸೇಜ್ ಒತ್ತುತ್ತ ಕೂತರೂ ಅದೇ ಕಥೆ. ಆದರೆ ಊಟದ ಮೇಜಿನ ಮುಂದೆ ಪೆನ್ನು ಹಿಡಿದು ಕೂತರೆ ಮಕ್ಕಳ ಪೇಪರ್ ತಿದ್ದುತ್ತಿದ್ದೇನೆ ಎಂದು ತಿಳಿದು ಸುಮ್ಮನೆ ಎದುರಿಗೆ ಕೂರುತ್ತಾರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ ಎಂಬುದನ್ನು ಅವರಿನ್ನೂ ಮರೆತಿಲ್ಲ. ಈಗಲೂ ಎದುರಿಗೇ ಇದ್ದಾರೆ. ಎಷ್ಟು ಜನ ಪಾಸಾದರು ಎಂದು ಆಗಲೇ ಎರಡು ಸಲ ಕೇಳಿದರು. ಎಲ್ಲರೂ ಪಾಸು ಎಂದಿದ್ದೇನೆ.

ಹೋದ ದೀಪಾವಳಿಗೆ ನೀನು ಬಂದಾಗ ನೋಡಿದ್ದೀಯಲ್ಲ. ಖಾಲಿ ಹಾಲಿನಲ್ಲಿ ಗೋಡೆಯುದ್ದಕ್ಕೂ ಜನ ಕೂತಿದ್ದಾರೆ, ಅವರಿಗೆಲ್ಲ ಕಾಫಿ ಕೊಡು ಎಂದು ನನಗೆ ಹೇಳುತ್ತಿದ್ದರು. ನೀನು ಒಳಗೆ ಹೋಗಿ ಅತ್ತೆ. ನಾನು ಲೋಟಗಳನ್ನು ಜೋಡಿಸಿಟ್ಟೆ. ಬೇರೇನು ಮಾಡಲಿ? ಆಮೇಲೆ ನಡಿಗೆಯೂ ಬಿಗಿಯಾಯಿತು. ಶಾಲೆಯ ಮೈದಾನದಲ್ಲಿ ಹುಡುಗರಿಗೆ ಕಬಡ್ಡಿ ಕಲಿಸಿದ ಪಿ.ಟಿ. ಮೇಷ್ಟರು ಹೊಸ್ತಿಲು ದಾಟುವ ಮೊದಲು ನಿಂತು ಯೋಚಿಸುವ ಹಾಗಾಯಿತು. ನರಗಳ ಡಾಕ್ಟರು ಇದು ಎಲ್ಲರಿಗೂ ಬರುವ ಮರೆವಲ್ಲ, ಇಲ್ಲದ್ದು ಕಾಣಿಸುವ, ಮೈ ಸೆಟೆಯುವ ಬೇರೆ ಬಗೆಯದು ಎಂದರು. ಇಂಥವರು ರೇಗಾಡಿದರೂ ಹುಚ್ಚಿಗೆ ಕೊಡುವ ಇಂಜೆಕ್ಷನ್ ಮಾತ್ರ ಕೊಡಿಸಬಾರದು, ಒಂದೇ ಒಂದು ಸಾಕು ಮೈ ಮರಗಟ್ಟಿಬಿಡುತ್ತದೆ ಎಂದು ಎಚ್ಚರಿಸಿದರು. ಮಾತ್ರೆ ಕೊಟ್ಟರೆ ಇವರು ಉಗಿಯುತ್ತಿದ್ದರು. ಹಾಗಾಗಿ ಫೆಬ್ರವರಿಯಿಂದ ಬೆನ್ನಿಗೆ ಅಂಟಿಸುವ ಪ್ಯಾಚ್ ಬರೆದುಕೊಟ್ಟಿದ್ದಾರೆ.

ಸತ್ಯಾ, ಈಗ ಆ ಜನ ಹೋಗಿದ್ದಾರೆ. ಒಂದೇ ಸಲ ಹೋಗಲಿಲ್ಲ. ಮೊದಲು ಕಡಿಮೆಯಾದರು. ಆಮೇಲೆ ಟೀವಿ ಪಕ್ಕ ಒಬ್ಬ ಹೆಂಗಸು ಮಾತ್ರ ಉಳಿದಿದ್ದಳಂತೆ. ಈಗ ಅವಳೂ ಇಲ್ಲ. ದಿನಾ ಬೆಳಿಗ್ಗೆ ಹಳೆಯ ಪ್ಯಾಚ್ ಕಿತ್ತು ಅವರ ಕೈಗೆ ಎಟುಕದ ಜಾಗದಲ್ಲಿ ಹೊಸದನ್ನು ಒತ್ತುತ್ತೇನೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರ ಬೆನ್ನನ್ನು ನಾನು ಹೀಗೆ ಬೆಳಕಿನಲ್ಲಿ ನೋಡಿದ್ದೇ ಇಲ್ಲ. ಮೊನ್ನೆ ಹಾಗೆ ಒತ್ತುತ್ತಿದ್ದಾಗ ಕೇಳಿದರು: "ಸತ್ಯಾಗೆ ಆ ಊರಿನ ನೀರು ಒಗ್ತಂತಾ?" ನಿನ್ನ ಹೆಸರು ಅವರ ಬಾಯಲ್ಲಿ ಬಂದು ಬಹಳ ಕಾಲವಾಗಿತ್ತು. ನಾನು ಸ್ವಲ್ಪ ಹೊತ್ತು ಬೆನ್ನಿನ ಮೇಲಿಂದ ಕೈ ತೆಗೆಯಲಿಲ್ಲ.

ಪೊಟ್ಟಣದ ಮೇಲೆ ನೀನಿರುವ ವಾಪಿ ಊರಿನ ವಿಳಾಸವಿದೆ. ಇದು ನೀನಿರುವ ಕಾರ್ಖಾನೆಯದೇ ಏನು? ಇಷ್ಟು ತೆಳ್ಳಗಿನ ಬಿಲ್ಲೆಯಲ್ಲಿ ನೀವು ಏನು ತುಂಬುತ್ತೀರಿ? ಬಿಡುವಾದಾಗ ಬರೆ.

ನಿನ್ನ ಅಕ್ಕ
ಅಂಬುಜಾ


ವಾಪಿ
22 ಜೂನ್ 2024

ಅಕ್ಕ,

ನಿನ್ನ ಕಾಗದವನ್ನು ಕ್ಯಾಂಟೀನಿನಲ್ಲಿ ಕೂತು ಓದಿದೆ. ಭಾವ ನನ್ನನ್ನು ಕೇಳಿದರು ಎಂಬಲ್ಲಿಗೆ ಬಂದಾಗ ಊಟ ಬಿಟ್ಟು ಎದ್ದೆ. ನೀರು ಒಗ್ಗಿದೆ ಎಂದು ಹೇಳು. ಒಗ್ಗಿಲ್ಲ. ಆದರೂ ಹೇಳು.

ಹೌದು, ಅದು ನಮ್ಮ ಕಾರ್ಖಾನೆಯದೇ. ಇಲ್ಲಿಂದ ಹೊರಗೆ ಹೋಗುವ ಪ್ರತಿಯೊಂದು ತಂಡದ, ಅಂದರೆ ಒಂದೇ ಸಲಕ್ಕೆ ತಯಾರಾದ ಬ್ಯಾಚಿನ, ಪ್ಯಾಚನ್ನೂ ಪರೀಕ್ಷೆ ಮಾಡುವ ವಿಭಾಗ ನನ್ನದು. ನಾನು ಸಹಿ ಹಾಕದೆ ಒಂದು ಪೆಟ್ಟಿಗೆಯೂ ಗೇಟು ದಾಟುವುದಿಲ್ಲ. ಭಾವನ ಬೆನ್ನಿನ ಮೇಲೆ ಇರುವುದನ್ನು ನಾನು ಮೊದಲು ನೋಡಿ ಕಳಿಸಿದ್ದೇನೆ ಎಂದು ತಿಳಿದು ಒಂದು ರೀತಿ ಆಯಿತು.

ಅದರಲ್ಲಿ ಏನಿದೆ ಎಂದೆಯಲ್ಲ. ಮೇಲೆ ಕಾಣುವ ಚರ್ಮದ ಬಣ್ಣದ ಹಾಳೆ ಬರೀ ಹೊದಿಕೆ. ಅದರ ಕೆಳಗಿನ ಪದರದಲ್ಲಿ ಅಂಟಿನೊಳಗೆ ಔಷಧ ಕಲೆಸಿರುತ್ತದೆ. ಅದರ ಕೆಳಗೆ ಚರ್ಮಕ್ಕೆ ಹಿಡಿಯುವ ಇನ್ನೊಂದು ಅಂಟು. ಕೊನೆಗೆ ನೀನು ಕಿತ್ತು ಬಿಸಾಡುವ ಹಾಳೆ. ಮೆದುಳಿನಲ್ಲಿ ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ರಸವೊಂದಿದೆ. ಭಾವನಲ್ಲಿ ಅದು ಕಡಿಮೆಯಾಗಿದೆ. ಇರುವಷ್ಟನ್ನು ಬೇಗ ಹಾಳಾಗದಂತೆ ಈ ಔಷಧ ಕಾಯುತ್ತದೆ, ಅಷ್ಟೇ. ಹೊಸದಾಗಿ ಏನನ್ನೂ ತಂದುಕೊಡುವುದಿಲ್ಲ. ಇದನ್ನು ನಿನಗೆ ಹೇಳದಿರುವುದು ತಪ್ಪಾಗುತ್ತದೆ ಅಕ್ಕ. ಕಾಯಿಲೆ ಒಳಗೊಳಗೆ ನಡೆದೇ ಇರುತ್ತದೆ.

ಔಷಧಕ್ಕಿಂತ ಅಂಟು ಮುಖ್ಯ ಎಂದರೆ ನಿನಗೆ ನಗು ಬರಬಹುದು. ದಿನವಿಡೀ ಒಂದೇ ಸಮನೆ ಔಷಧ ಬಿಡಬೇಕಾದ್ದು ಆ ಅಂಟು. ಅದು ಕೈಕೊಟ್ಟರೆ ಔಷಧ ಇದ್ದೂ ಪ್ರಯೋಜನವಿಲ್ಲ. ಹಳೆಯದನ್ನು ತೆಗೆಯದೆ ಹೊಸದನ್ನು ಹಾಕಬೇಡ. ಎಂದೂ ಕತ್ತರಿಸಬೇಡ. ಮೂರು ದಿನಕ್ಕಿಂತ ಹೆಚ್ಚು ನಿಂತುಹೋದರೆ ನಿಂತಲ್ಲಿಂದ ಮುಂದುವರಿಸುವ ಹಾಗಿಲ್ಲ, ಡಾಕ್ಟರನ್ನು ಕೇಳಿ ಚಿಕ್ಕ ಪ್ಯಾಚಿನಿಂದ ಮತ್ತೆ ಶುರು ಮಾಡಬೇಕು.

ಇನ್ನೊಂದು ವಿಷಯ. ನಮಗೆ ಅಂಟು ಹೊರದೇಶದಿಂದ ಬರುತ್ತಿತ್ತು. ಅಲ್ಲಿಯವರು ಕೊಡುವುದನ್ನು ನಿಲ್ಲಿಸಿದ್ದಾರೆ. ಇಲ್ಲಿ ಬೇರೆ ಅಂಟು ತಂದು ನೋಡುತ್ತಿದ್ದಾರೆ. ಈ ಪ್ಯಾಚ್ ಮಾಡುವವರು ದೇಶದಲ್ಲಿ ಹೆಚ್ಚು ಜನವಿಲ್ಲ, ಅವರಿಗೂ ಅಂಟು ಅಲ್ಲಿಂದಲೇ ಬರುತ್ತಿತ್ತು. ನಿನ್ನ ಅಂಗಡಿಯವರಿಗೆ ಹೇಳಿ ಸ್ವಲ್ಪ ಹೆಚ್ಚಿಗೆ ತೆಗೆದಿಟ್ಟುಕೋ.

ಪಿಯುಸಿ ಮುಗಿದಾಗ ಅಪ್ಪ ಇನ್ನು ಓದು ಸಾಕು ಎಂದದ್ದು, ಭಾವ ಬಂದು ಜಗಲಿಯ ಮೇಲೆ ಕೂತು, "ಅವಳು ನಮ್ಮ ಮನೇಲಿರ್ತಾಳೆ, ಓದ್ತಾಳೆ. ನೀವು ಏನೂ ಕೊಡ್ಬೇಡಿ," ಎಂದದ್ದು ಇವತ್ತೆಲ್ಲ ನೆನಪಾಗುತ್ತಿತ್ತು. ಆವತ್ತು ಅವರು ಬರದಿದ್ದರೆ ನಾನು ಎಲ್ಲಿರುತ್ತಿದ್ದೆನೋ.

ನಿನ್ನ
ಸತ್ಯಾ


ಬಸವೇಶ್ವರನಗರ
4 ಆಗಸ್ಟ್ 2024

ಪ್ರೀತಿಯ ಸತ್ಯಾ,

ನೀನು ಹೇಳಿದ್ದು ಬೇಗನೇ ನಿಜವಾಯಿತು. ಹಾವನೂರು ಸರ್ಕಲ್ಲಿನ ಹತ್ತಿರ ರೇವಣಸಿದ್ದಯ್ಯನವರ ಔಷಧದ ಅಂಗಡಿ ಇದೆಯಲ್ಲ, ಅಲ್ಲೇ ನಾವು ತೆಗೆದುಕೊಳ್ಳುವುದು. ಹೋದ ತಿಂಗಳು ಒಂದು ಪೊಟ್ಟಣ ಮಾತ್ರ ಕೊಟ್ಟರು. ಈ ತಿಂಗಳು ಕಂಪನಿಯಿಂದಲೇ ಬರುತ್ತಿಲ್ಲ ಎಂದರು. ಒಳ್ಳೆಯ ಮನುಷ್ಯ, ನನ್ನ ಮುಂದೆಯೇ ನಾಲ್ಕಾರು ಕಡೆ ಫೋನ್ ಮಾಡಿದರು. ಹೊರದೇಶದ ಕಂಪನಿಯದು ಒಂದು ಬರುತ್ತಿತ್ತಂತೆ, ಅದು ನಿಂತು ಕಾಲವಾಗಿದೆ.

ಕೆಳಗಿನ ಮನೆಯ ನಾಣಿಯವರನ್ನು ಇವರ ಜೊತೆ ಕೂರಿಸಿ ನಾನೇ ಹೊರಟೆ. ನಾಣಿ ನಿನಗೆ ಗೊತ್ತು, ಟೆಲಿಫೋನ್ ಆಫೀಸಿನಲ್ಲಿದ್ದವರು, ನಿನ್ನ ಭಾವನ ಜೊತೆ ದಿನಾ ವಾಕಿಂಗ್ ಹೋಗುತ್ತಿದ್ದವರು. ರಾಜಾಜಿನಗರ ಸುತ್ತಿದೆ. ಹೊಸಹಳ್ಳಿಗೆ ಹೋಗಿ ಅಲ್ಲಿಂದ ವಿಜಯನಗರದ ಅಂಗಡಿಗಳನ್ನೆಲ್ಲ ಕೇಳಿದೆ. ಮೆಟ್ರೋ ಹಿಡಿದು ಕೆಂಗೇರಿಯವರೆಗೂ ಹೋದೆ. ಅಲ್ಲೊಂದು ಅಂಗಡಿಯಲ್ಲಿ ಸಿಕ್ಕಿತು, ಆದರೆ ಇವರದಕ್ಕಿಂತ ತುಂಬಾ ದೊಡ್ಡ ಶಕ್ತಿಯದು. ಕೈಯಲ್ಲಿ ಹಿಡಿದುಕೊಂಡು ನಿಂತೆ. ಕತ್ತರಿಸಬೇಡ ಎಂದು ನೀನು ಬರೆದಿದ್ದೆ. ವಾಪಸ್ ಕೊಟ್ಟು ಬಂದೆ.

ಡಾಕ್ಟರು ಮತ್ತೆ ಮಾತ್ರೆಯನ್ನೇ ಪ್ರಯತ್ನಿಸಿ ಎಂದರು. ಪುಡಿ ಮಾಡಿ ಮೊಸರನ್ನದಲ್ಲಿ ಕಲೆಸಿದೆ. ಎರಡು ತುತ್ತು ತಿಂದು ತಟ್ಟೆ ಸರಿಸಿದರು. ನಾನು ಏನೋ ಬೆರೆಸಿದ್ದೇನಂತೆ. ಬೆರೆಸಿದ್ದು ನಿಜವೇ ಆದ್ದರಿಂದ ಇಲ್ಲ ಎನ್ನದೆ ತಟ್ಟೆ ಎತ್ತಿದೆ. ಅವತ್ತಿನಿಂದ ನಾನು ಕಲೆಸಿದ ಅನ್ನ ಮುಟ್ಟುತ್ತಿಲ್ಲ. ನಾಣಿಯವರ ಮನೆಯಿಂದ ಬಂದರೆ ತಿನ್ನುತ್ತಾರೆ.

ಮನೆಯಲ್ಲಿ ಸ್ವಲ್ಪ ಉಳಿದಿದೆ. ನೀನು ಅಲ್ಲೇ ಇದ್ದೀಯ. ಹೇಗಾದರೂ ಮಾಡಿ ಕಳಿಸು.

ನಿನ್ನ ಅಕ್ಕ
ಅಂಬುಜಾ


ವಾಪಿ
14 ಆಗಸ್ಟ್ 2024

ಅಕ್ಕ,

ಸೂರತ್ತಿನ ಒಬ್ಬ ವ್ಯಾಪಾರಿಯ ಹತ್ತಿರ ಹಳೆಯ ತಂಡದ್ದು ಒಂದು ಪೊಟ್ಟಣ ಸಿಕ್ಕಿತು. ಕೊರಿಯರಿನಲ್ಲಿ ಕಳಿಸಿದ್ದೇನೆ, ಈ ಕಾಗದಕ್ಕಿಂತ ಮೊದಲೇ ತಲುಪಿರುತ್ತದೆ. ಇನ್ನು ಹುಡುಕುವ ಕಡೆ ಉಳಿದಿಲ್ಲ.

ಇಲ್ಲಿ ನಡೆದದ್ದನ್ನು ನಿನಗೆ ನಾನೇ ಹೇಳಬೇಕು. ಹೊಸ ಅಂಟಿನಿಂದ ಮಾಡಿದ ದೊಡ್ಡ ತಂಡವೊಂದು ನನ್ನ ಮುಂದೆ ಬಂತು. ಮೈಯಷ್ಟೇ ಬೆಚ್ಚಗಿರುವ ನೀರಿನಲ್ಲಿ ಪ್ಯಾಚನ್ನು ಮುಳುಗಿಸಿಟ್ಟು ಎಷ್ಟೆಷ್ಟು ಔಷಧ ಹೊರಗೆ ಬರುತ್ತದೆ ಎಂದು ಆಗಾಗ ಅಳೆಯುತ್ತೇವೆ. ಹಳೆಯದರಲ್ಲಿ ಅದು ನಲ್ಲಿಯಿಂದ ಸಣ್ಣಗೆ ತೊಟ್ಟಿಕ್ಕುವ ಹಾಗೆ. ಇದರಲ್ಲಿ ಮೊದಲಿಗೇ ಬಹುಪಾಲು ಸುರಿದುಹೋಗುತ್ತದೆ, ಆಮೇಲೆ ಏನೂ ಇಲ್ಲ. ಮತ್ತೆ ಮಾಡಿಸಿದೆ. ಬೇರೆ ಹುಡುಗಿಯ ಕೈಯಲ್ಲೂ ಮಾಡಿಸಿದೆ. ಅದೇ ಬಂತು.

ಬಿಡಲಾಗುವುದಿಲ್ಲ ಎಂದು ಬರೆದೆ. ಮ್ಯಾನೇಜರು ಕರೆಸಿ ಕೂರಿಸಿಕೊಂಡು ಮಾತಾಡಿದರು. ಕೂಗಾಡಲಿಲ್ಲ. ಮಾರುಕಟ್ಟೆಯಲ್ಲಿ ಎಲ್ಲೂ ಇಲ್ಲ, ಜನ ಪರದಾಡುತ್ತಿದ್ದಾರೆ, ಏನೂ ಇಲ್ಲದಿರುವುದಕ್ಕಿಂತ ಇದು ವಾಸಿಯಲ್ಲವೇ ಎಂದು ಕೇಳಿದರು. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ನನ್ನ ಬಾಯಿಂದಲೇ ಹೌದು ಎಂದು ಬಂದುಬಿಡುತ್ತಿತ್ತೇನೋ.

ಈಗ ಯಂತ್ರ ನಿಂತಿದೆ. ಹಳೆಯ ಅಂಟು ಮತ್ತೆ ಬರುವವರೆಗೆ ಹೊಸ ಪ್ಯಾಚ್ ಎಲ್ಲಿಂದಲೂ ಬರುವುದಿಲ್ಲ. ನಿನಗೆ ಸಿಗದಂತೆ ಮಾಡಿದವಳು ನಾನೇ ಅಕ್ಕ. ಬೇರೆಯವರಿಂದ ತಿಳಿಯುವುದು ಬೇಡ ಎಂದು ಬರೆದಿದ್ದೇನೆ.

ನಿನ್ನ
ಸತ್ಯಾ


ಬಸವೇಶ್ವರನಗರ
1 ಸೆಪ್ಟೆಂಬರ್ 2024

ಸತ್ಯಾ,

ನೀನು ಕಳಿಸಿದ ಪೊಟ್ಟಣ ಬಂತು. ಅದೂ ಮುಗಿಯಿತು.

ಎಡಗೈ ಮಣಿಕಟ್ಟಿಗೆ ಪಟ್ಟಿ ಹಾಕಿದ್ದಾರೆ. ಬರೆಯುವುದು ಬಲಗೈಯಾದ್ದರಿಂದ ತೊಂದರೆಯಿಲ್ಲ. ಹೇಗಾಯಿತು ಎಂದು ನಾಣಿಯವರು ನಿನಗೆ ಅರ್ಧ ಹೇಳಿರಬಹುದು. ಉಳಿದರ್ಧ ಅವರಿಗೆ ಗೊತ್ತಿಲ್ಲ.

ಹಾಲಿನಲ್ಲಿ ಮತ್ತೆ ಜನ ಬಂದಿದ್ದಾರೆ. ಈ ಸಲ ಬಂದವರು ಕಾಫಿ ಕುಡಿಯುವವರಲ್ಲ. ಕಳ್ಳರು. ಬೀರುವಿನ ಹಿಂದೆ, ಪರದೆಯ ಹಿಂದೆ ಬಚ್ಚಿಟ್ಟುಕೊಂಡಿರುತ್ತಾರಂತೆ. ಬಟ್ಟೆ ಒಣಹಾಕುವ ಕೋಲು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಮಲಗಿ ಎಂದರೂ ಮಲಗುವುದಿಲ್ಲ. ನನ್ನನ್ನು ಕಾಯಬೇಕಂತೆ. ಮಂಗಳವಾರ ಬೆಳಿಗ್ಗೆ ನಾನು ಹಾಲು ತೆಗೆದುಕೊಂಡು ಒಳಗೆ ಬರುತ್ತಿದ್ದೆ. ಸೋಫಾದ ಪಕ್ಕದಿಂದ ಬಗ್ಗಿ ಬಂದು ಕಬಡ್ಡಿಯಲ್ಲಿ ಹಿಡಿಯುವ ಹಾಗೆ ನನ್ನ ಹಿಮ್ಮಡಿ ಹಿಡಿದೆಳೆದರು. ನಡೆಯಲು ತಡವರಿಸುವ ಮನುಷ್ಯನಿಗೆ ಆ ಪಟ್ಟು ಮಾತ್ರ ಮರೆತಿಲ್ಲ ನೋಡು. ನಾನು ಬಿದ್ದೆ. ಮೇಲೆ ಮಂಡಿಯೂರಿ ಕೂತರು. ಕೂತು ಅಡುಗೆಮನೆಯ ಕಡೆ ತಿರುಗಿ ಕೂಗಿದರು:

"ಅಂಬುಜಾ, ಸಿಕ್ಕಿದ ಕಣೇ. ಹೆದರ್ಕೋಬೇಡ, ಹಿಡ್ಕೊಂಡಿದೀನಿ. ಬಾ."

ನನ್ನನ್ನು ಹಿಡಿದುಕೊಂಡು ನನ್ನನ್ನೇ ಕೂಗುತ್ತಿದ್ದರು. ನಾನು ಕೆಳಗಿನಿಂದ ಬಂದೆ, ಬಂದೆ ಎಂದೆ. ಅವರಿಗೆ ಕೇಳಿಸಲಿಲ್ಲ.

ನೀನು ಹೇಳಿದ್ದು ನನಗೆ ಅರ್ಥವಾಗಿದೆ. ಬೆಳಿಗ್ಗೆ ಎಲ್ಲ ಸುರಿದುಹೋಗುತ್ತದೆ, ಆಮೇಲೆ ಏನೂ ಇರುವುದಿಲ್ಲ. ನನಗೆ ಬೆಳಿಗ್ಗೆಯೇ ಸಾಕು ಸತ್ಯಾ. ಹಾಲು ಕಾಸಿ, ಅವರಿಗೆ ಸ್ನಾನ ಮಾಡಿಸಿ, ಒಂದು ತುತ್ತು ತಿನ್ನಿಸುವಷ್ಟು ಹೊತ್ತು ಅವರು ಅವರಾಗಿದ್ದರೆ ಸಾಕು. ಉಳಿದ ದಿನವನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನ ಮ್ಯಾನೇಜರು ಹೇಳಿದ್ದರಲ್ಲಿ ನನಗೆ ತಪ್ಪು ಕಾಣುತ್ತಿಲ್ಲ. ನಿನ್ನನ್ನು ಇಲ್ಲಿಯವರೆಗೆ ನಾನು ಏನೂ ಕೇಳಿಲ್ಲ. ಈಗ ಕೇಳುತ್ತಿದ್ದೇನೆ. ಸಹಿ ಹಾಕು.

ಅಕ್ಕ


ವಾಪಿ
9 ಸೆಪ್ಟೆಂಬರ್ 2024

ಅಕ್ಕ,

ಆಗುವುದಿಲ್ಲ.

ಇಷ್ಟನ್ನೇ ಬರೆದು ಎರಡು ದಿನ ಇಟ್ಟುಕೊಂಡಿದ್ದೆ. ಭಾವನ ನಾಡಿ ಮೊದಲೇ ನಿಧಾನ ಎಂದು ಹೋದ ದೀಪಾವಳಿಗೆ ಬಂದಾಗ ನೀನೇ ಹೇಳಿದ್ದೀಯ. ಈ ಔಷಧ ಒಂದೇ ಸಲ ಒಳಗಿಳಿದರೆ ಅದು ಇನ್ನೂ ನಿಧಾನವಾಗುತ್ತದೆ. ವಾಂತಿಯಾಗುತ್ತದೆ, ತಲೆಸುತ್ತಿ ಬೀಳುತ್ತಾರೆ. ಬಿದ್ದಲ್ಲೇ ನಾಡಿ ನಿಂತೂಹೋಗಬಹುದು. ಭಾವನಿಗೋಸ್ಕರ ಸಹಿ ಹಾಕಿದರೆ ಅದು ನಮ್ಮ ಮನೆಗೆ ಮಾತ್ರ ಬರುವುದಿಲ್ಲ. ನಾನು ಮುಖ ನೋಡಿರದ ಎಷ್ಟೋ ಮುದುಕರ ಬೆನ್ನಿಗೆ ಹೋಗುತ್ತದೆ. ಅಲ್ಲೂ ನಿನ್ನಂಥ ಒಬ್ಬಳು ನಂಬಿಕೆಯಿಂದ ಒತ್ತಿ ಹಿಡಿಯುತ್ತಾಳೆ.

ಗುಟ್ಟಾಗಿ ನಿನಗೆ ಮಾತ್ರ ನಾಲ್ಕು ಕಳಿಸಿಬಿಡಲೇ ಎಂದೂ ಯೋಚಿಸಿದೆ. ಕೈಗೆ ತೆಗೆದುಕೊಂಡಿದ್ದೆ. ಭಾವನ ಬೆನ್ನು ಕಣ್ಣಮುಂದೆ ಬಂತು, ಇಟ್ಟುಬಿಟ್ಟೆ.

ರಜೆ ಕೇಳಿದ್ದೇನೆ. ಯಂತ್ರ ನಿಂತಿರುವುದರಿಂದ ತನಿಖೆಗೆ ಮೇಲಿನವರು ಬರುತ್ತಾರೆ, ಅದು ಮುಗಿಯುವವರೆಗೆ ಹೋಗುವಂತಿಲ್ಲ ಎನ್ನುತ್ತಿದ್ದಾರೆ. ಮುಗಿದ ಕೂಡಲೇ ಬರುತ್ತೇನೆ. ಅಲ್ಲಿಯವರೆಗೆ ಒಬ್ಬಳೇ ಇರಬೇಡ, ಒಬ್ಬ ಗಂಡಾಳನ್ನು ಇಟ್ಟುಕೋ. ಯಾವುದಾದರೂ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಇಂಜೆಕ್ಷನ್ ವಿಷಯ ಮರೆಯಬೇಡ. ನಾಣಿಯವರಿಗೂ ಫೋನಿನಲ್ಲಿ ಹೇಳಿದ್ದೇನೆ.

ಸತ್ಯಾ


ಬಸವೇಶ್ವರನಗರ
2 ಅಕ್ಟೋಬರ್ 2024

ಸತ್ಯಾ,

ನಾಣಿಯವರು ನಿನಗೆ ಫೋನಿನಲ್ಲಿ ಎಲ್ಲ ಹೇಳಿದ್ದಾರೆ. ಆದರೂ ಬರೆಯುತ್ತೇನೆ. ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ.

ಗಣೇಶನ ಹಬ್ಬವಾದ ಮೇಲಿನ ವಾರ. ಹಗಲು ಕೆಲಸಕ್ಕೆ ಹೆಗ್ಗನಹಳ್ಳಿಯ ಒಬ್ಬಾತನನ್ನು ಗೊತ್ತುಮಾಡಿಕೊಂಡಿದ್ದೆ. ಅವನು ಸಂಜೆಯ ಕಾಫಿಗೆ ಕೂತಿದ್ದಾಗ ನಿನ್ನ ಭಾವ ಚಿಲಕ ತೆಗೆದು ಇಳಿದುಹೋಗಿದ್ದಾರೆ. ಎಲ್ಲಿಂದ ಆ ಶಕ್ತಿ ಬಂತೋ, ಕಾಮಾಕ್ಷಿಪಾಳ್ಯದವರೆಗೆ ನಡೆದಿದ್ದಾರೆ. ಅಲ್ಲಿ ಮಾಗಡಿ ರಸ್ತೆಯ ಬಸ್ ಸ್ಟಾಪಿನಲ್ಲಿ ಗಾರ್ಮೆಂಟ್ಸ್ ಬಿಟ್ಟು ಮನೆಗೆ ಹೊರಟಿದ್ದ ಯಾರೋ ಒಬ್ಬನನ್ನು ಹಿಡಿದುಕೊಂಡು ಕಳ್ಳ, ಕಳ್ಳ ಎಂದು ಕೂಗಿದ್ದಾರೆ. ಜನ ಸೇರಿದ್ದಾರೆ. ಮೊದಲು ಆ ಪಾಪದವನಿಗೆ ಎರಡು ಬಿತ್ತಂತೆ. ಇವರು ಬಿಡದೇ ಇದ್ದಾಗ, ಅವನ ಜೊತೆಯವರು ಬಂದಾಗ, ಇವರಿಗೆ ಬಿತ್ತು. ಯಾರನ್ನು ಬೈಯಲಿ? ನಾನೂ ನಾಣಿಯವರೂ ಹುಡುಕಿಕೊಂಡು ಹೋಗುವಷ್ಟರಲ್ಲಿ ಪೊಲೀಸರು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದರು.

ಹಣೆ ಒಡೆದಿತ್ತು. ಹೊಲಿಗೆ ಹಾಕಲು ಬಿಡುತ್ತಿಲ್ಲ. ನರ್ಸಮ್ಮನನ್ನು ಒದ್ದರು. ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕವಯಸ್ಸಿನವರು, ಸಿರಿಂಜು ಹಿಡಿದು ಬಂದರು. ನಾನು ಬೇಡ ಎಂದೆ. ಈ ಕಾಯಿಲೆಗೆ ಅದು ಆಗುವುದಿಲ್ಲ ಎಂದು ನಮ್ಮ ಡಾಕ್ಟರು ಹೇಳಿದ್ದಾರೆ ಎಂದೆ. ಅವರು ನನ್ನ ಪಟ್ಟಿ ಕಟ್ಟಿದ ಕೈಯನ್ನೂ ನೋಡಿದರು, ಇವರನ್ನೂ ನೋಡಿದರು.

"ಆಂಟಿ, ಹೀಗೇ ಬಿಟ್ರೆ ರಕ್ತ ನಿಲ್ಲಲ್ಲ. ಒಂದೇ ಡೋಸ್. ನೀವೂ ಸ್ವಲ್ಪ ಕೂತ್ಕೊಳಿ."

ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ನಾನು ಕೂತೆ. ಎರಡನೆಯ ಸಲ ಬೇಡ ಎನ್ನಲಿಲ್ಲ.

ಅವರು ನಿದ್ದೆ ಹೋದರು. ನಾನೂ ಆ ಕುರ್ಚಿಯಲ್ಲೇ ನಿದ್ದೆ ಮಾಡಿದೆ ಸತ್ಯಾ. ಎಷ್ಟೋ ದಿನಗಳ ಮೇಲೆ ಮಾಡಿದ ನಿದ್ದೆ. ಎದ್ದು ನೋಡಿದರೆ ಅವರ ಕಣ್ಣು ತೆರೆದಿತ್ತು. ಕತ್ತು ದಿಂಬಿನಿಂದ ಒಂದಿಷ್ಟು ಮೇಲಕ್ಕೆ ಎದ್ದು ಹಾಗೇ ನಿಂತಿತ್ತು. ಕೈ ಮಡಿಸಿದರೆ ಮಡಿಸಿದ ಹಾಗೇ ಇರುತ್ತಿತ್ತು. ನಮ್ಮ ಡಾಕ್ಟರು ಬಂದು ಕೈಕಾಲು ಮಡಿಸಿ ನೋಡಿದರು. ಕೆಲವರು ಸ್ವಲ್ಪ ಚೇತರಿಸಿಕೊಳ್ಳುತ್ತಾರೆ, ಕಾದು ನೋಡೋಣ ಎಂದರು.

ಈಗ ಮನೆಗೆ ಕರೆದುಕೊಂಡು ಬಂದಿದ್ದೇವೆ. ಎತ್ತಿಕೊಂಡು ಬಂದಿದ್ದೇವೆ ಎನ್ನಬೇಕು. ಗಂಜಿ ನುಂಗುತ್ತಾರೆ. ಮಾತಿಲ್ಲ.

ಬರುವುದಾದರೆ ಬಾ.

ಅಕ್ಕ


ವಾಪಿ
10 ನವೆಂಬರ್ 2024

ಅಕ್ಕ,

ಕ್ಷೇಮವಾಗಿ ಬಂದು ತಲುಪಿದೆ. ನೀನು ಕಟ್ಟಿಕೊಟ್ಟ ಚಪಾತಿ ರೈಲಿನಲ್ಲಿ ತಿಂದೆ.

ದೀಪಾವಳಿ ಹಬ್ಬಕ್ಕೆ ಬಂದು ಅಷ್ಟು ದಿನ ಇದ್ದೆ. ನೀನು ಬಿಸಿನೀರು ಕಾಸಿಕೊಟ್ಟೆ, ಹುಳಿ ಮಾಡಿ ಬಡಿಸಿದೆ, ರೈಲಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದೆ. ಕಾರ್ಖಾನೆಯ ಮಾತು ಒಂದು ಸಲವೂ ಎತ್ತಲಿಲ್ಲ. ನಾನು ಹಾಲಿಗೆ ಬಂದರೆ ನೀನು ಅಡುಗೆಮನೆಗೆ ಹೋಗುತ್ತಿದ್ದೆ. ಒಂದು ಸಲವಾದರೂ ಬೈಯುತ್ತೀಯ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

ಭಾವನಿಗೆ ರಾಗಿ ಗಂಜಿ ತಿನ್ನಿಸುವಾಗ ಅವರು ನನ್ನ ಬೆರಳು ಹಿಡಿದುಕೊಂಡರು. ಬಿಡಿಸಿಕೊಳ್ಳಲಾಗದಷ್ಟು ಗಟ್ಟಿಯಾಗಿ. ನಾನು ಸತ್ಯಾ, ಭಾವ ಎಂದೆ. ಗಂಜಿ ಆರುವವರೆಗೂ ಹಾಗೇ ಕೂತಿದ್ದೆ. ಡಾಕ್ಟರನ್ನು ಕೇಳಿದ್ದಕ್ಕೆ ಅದು ನರದ ಬಿಗಿತ, ಅಂಗೈಗೆ ಏನು ತಗುಲಿದರೂ ಹಾಗೇ ಹಿಡಿಯುತ್ತಾರೆ, ಗುರುತು ಸಿಕ್ಕಿದ್ದಲ್ಲ ಎಂದರು. ನಿನಗೆ ಹೇಳಿರಲಿಲ್ಲ.

ಇಲ್ಲಿ ಹಳೆಯ ಅಂಟು ಮತ್ತೆ ಬಂದಿದೆ. ಹೊಸ ತಂಡ ಮಾಡಿದರು, ಪರೀಕ್ಷೆ ಮಾಡಿದೆ, ಸರಿಯಾಗಿದೆ. ಸಹಿ ಹಾಕಿದೆ. ನಾನು ಬೇಡವೆಂದ ಆ ತಂಡವನ್ನು ನನ್ನ ಎದುರಿಗೇ ಸುಟ್ಟರು. ಡಿಸೆಂಬರಿನ ಹೊತ್ತಿಗೆ ನಿಮ್ಮ ಕಡೆಯ ಅಂಗಡಿಗಳಿಗೂ ಬರುತ್ತದೆ. ಚಿಕ್ಕದು, ದೊಡ್ಡದು ಎರಡೂ ನಾನೇ ಕಳಿಸುತ್ತೇನೆ. ಡಾಕ್ಟರು ಹಾಕಿ ಎಂದರೆ ಚಿಕ್ಕದರಿಂದ ಶುರು ಮಾಡು.

ನಿನ್ನ ಎದುರಿಗೆ ಹೇಳಲಾಗದ್ದನ್ನು ಹೇಳಿಬಿಡುತ್ತೇನೆ. ನಾಳೆ ಮತ್ತೆ ಅಂಥದೇ ತಂಡ ಬಂದರೂ, ನೀನು ಅದೇ ಕಾಗದ ಬರೆದರೂ, ನಾನು ಸಹಿ ಹಾಕುವುದಿಲ್ಲ. ಆಗುವುದೇನೆಂದು ತಿಳಿದ ಮೇಲೂ ಹಾಕುವುದಿಲ್ಲ. ಇದನ್ನು ಮುಚ್ಚಿಟ್ಟುಕೊಂಡು ಮತ್ತೆ ನಿನ್ನ ಮನೆಯ ಅನ್ನ ತಿನ್ನಲು ನನಗಾಗುವುದಿಲ್ಲ.

ಬೇಸಿಗೆಯಲ್ಲಿ ರಜೆ ಹಾಕಿ ಬರುತ್ತೇನೆ. ಒಂದು ತಿಂಗಳು ಭಾವನನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಮಲಗು.

ನಿನ್ನ
ಸತ್ಯಾ


ಬಸವೇಶ್ವರನಗರ
16 ಫೆಬ್ರವರಿ 2025

ಸತ್ಯಾ,

ನಿನ್ನ ಮೂರು ಕಾಗದಗಳೂ, ಪ್ಯಾಚ್‌ಗಳ ಪೆಟ್ಟಿಗೆಯೂ ಬಂದಿವೆ. ಉತ್ತರ ಬರೆಯಲಾಗಲಿಲ್ಲ.

ಡಾಕ್ಟರು ಹೇಳಿದಂತೆ ಚಿಕ್ಕದರಿಂದ ಶುರು ಮಾಡಿದೆ. ಸಂಕ್ರಾಂತಿಯವರೆಗೂ ಹಾಕಿದೆ. ಬೆನ್ನು ಬಹಳ ಇಳಿದುಹೋಗಿದೆ, ಅಂಟಿಸಲು ಸಪಾಟಾದ ಜಾಗ ಹುಡುಕಬೇಕು. ಒಂದು ದಿನ ಹೆಸರು ಹಿಡಿದು ಕೂಗಿದಾಗ ರೆಪ್ಪೆ ಅಲ್ಲಾಡಿದ ಹಾಗಾಯಿತು. ನಾಣಿಯವರನ್ನು ಕರೆದು ತೋರಿಸಿದೆ. ಮತ್ತೆ ಆಗಲಿಲ್ಲ. ಹೋದ ತಿಂಗಳ ಕೊನೆಗೆ ಡಾಕ್ಟರು ಮನೆಗೇ ಬಂದಿದ್ದರು. ಇನ್ನು ಇದರಿಂದ ಏನೂ ಆಗುವುದಿಲ್ಲ ಅಮ್ಮ, ಸುಮ್ಮನೆ ಚರ್ಮ ಕೆಂಪಾಗುತ್ತಿದೆ, ತೆಗೆದುಬಿಡಿ ಎಂದರು. ತೆಗೆದೆ. ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದೆ.

ಈಗ ಅವರಿಗೆ ಹಾಲಿನಲ್ಲಿ ಯಾರಾದರೂ ಕಾಣುತ್ತಾರೋ ಇಲ್ಲವೋ ಗೊತ್ತಿಲ್ಲ. ಗೋಡೆಯ ಕಡೆಯೇ ನೋಡುತ್ತಿರುತ್ತಾರೆ. ಕಂಡರೂ ಹೇಳಲು ಮಾತಿಲ್ಲವಲ್ಲ. ಕಳ್ಳರೇ ನಿಂತಿದ್ದರೆ, ಇವರು ಏಳಲಾಗದೆ ನೋಡುತ್ತ ಮಲಗಿದ್ದರೆ ಎಂದು ಒಂದೊಂದು ಸಲ ಯೋಚನೆ ಬರುತ್ತದೆ. ಆಗ ಹೋಗಿ ಅವರಿಗೂ ಗೋಡೆಗೂ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತೇನೆ.

ಪೆಟ್ಟಿಗೆಯಲ್ಲಿ ಉಳಿದದ್ದನ್ನು ರೇವಣಸಿದ್ದಯ್ಯನವರ ಅಂಗಡಿಗೆ ತೆಗೆದುಕೊಂಡು ಹೋದೆ. ಬೇಕಾದವರಿಗೆ ಕೊಡಲಿ ಎಂದು. ಅಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಪಂಕಜಾ ಅಂತೆ, ಸುಂಕದಕಟ್ಟೆಯ ಕಡೆಯವಳು. ಅವಳ ಮಾವನಿಗೆ ಇದೇ ಕಾಯಿಲೆ, ಇದೇ ಚೀಟಿ. ಅವರಿಗೆ ಬೇಕಾದ್ದು ನನ್ನ ಕೈಯಲ್ಲಿದ್ದ ಶಕ್ತಿಯದೇ ಎಂದು ಸಿದ್ದಯ್ಯನವರು ಚೀಟಿ ನೋಡಿ ಹೇಳಿದರು. ಕೊಟ್ಟೆ. ಹೇಗೆ ಅಂಟಿಸಬೇಕು ಎಂದು ಕೇಳಿದಳು. ಅಂಗಡಿಯ ಮುಂದೆಯೇ ಅವಳನ್ನು ತಿರುಗಿಸಿ ನಿಲ್ಲಿಸಿ ಬೆನ್ನಿನ ಮೇಲೆ ಜಾಗ ಮುಟ್ಟಿ ತೋರಿಸಿದೆ. ಹಳೆಯದನ್ನು ಮೊದಲು ತೆಗೆಯಬೇಕು, ಕತ್ತರಿಸಬಾರದು ಎಂದು ನೀನು ಬರೆದದ್ದನ್ನೆಲ್ಲ ಹೇಳಿದೆ. ಇಂಜೆಕ್ಷನ್ ವಿಷಯವನ್ನು ಎರಡು ಸಲ ಹೇಳಿದೆ. ಅವಳು ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡು ಕೇಳಿದಳು:

"ಇದು ಹಾಕಿದ್ರೆ ಸರಿಹೋಗ್ತಾರಾ ಆಂಟಿ?"

"ಸ್ವಲ್ಪ ದಿನ," ಎಂದೆ.

ಅವಳಿಗೆ ಅಷ್ಟೇ ಸಾಕಾಯಿತು. ಅವಳ ಮುಖ ನೋಡಿ ನನಗೆ ಹೋದ ವರ್ಷದ ನಾನೇ ಅಲ್ಲಿ ನಿಂತ ಹಾಗೆ ಕಂಡಿತು. ಹೆಚ್ಚು ಹೊತ್ತು ಅಲ್ಲಿ ನಿಲ್ಲಲಾರದೆ ಬಂದೆ.

ನೀನು ಸಹಿ ಹಾಕದೆ ಇದ್ದದ್ದು ಸರಿ. ಇದನ್ನು ನಾನು ನಾಣಿಯವರ ಮುಂದೆಯೂ ಹೇಳಿದ್ದೇನೆ. ಆ ಪ್ಯಾಚ್ ಹಾಕಿದ್ದರೆ ಆವತ್ತೇ ಅವರು ಹೋಗಿಬಿಡುತ್ತಿದ್ದರೇನೋ. ಹಾಗೆ ಹೋಗಿದ್ದರೆ ಇದಕ್ಕಿಂತ ವಾಸಿಯಿತ್ತೋ ಏನೋ, ಅದನ್ನು ನಾನು ಯೋಚಿಸಬಾರದು. ಆದರೆ ಸರಿ ಎಂದು ಒಪ್ಪಿಕೊಂಡ ಮೇಲೆ ನಿನ್ನ ಮೇಲಿನ ಸಿಟ್ಟು ಇಳಿಯುತ್ತದೆ ಎಂದುಕೊಂಡಿದ್ದೆ. ಇಳಿಯಲಿಲ್ಲ. ಹಬ್ಬದಲ್ಲಿ ನೀನು ಅವರ ಪಕ್ಕ ಕೂತು ಗಂಜಿ ತಿನ್ನಿಸುತ್ತಿದ್ದಾಗ ಚಮಚ ಕಿತ್ತುಕೊಳ್ಳಬೇಕು ಅನ್ನಿಸಿತು. ಅದಕ್ಕೇ ಒಳಗೆ ಹೋಗುತ್ತಿದ್ದೆ. ಆ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಆ ಬಸ್ ಸ್ಟಾಪಿನ ಜನರ ಮೇಲೂ ಇಲ್ಲ. ನಾನು ಎತ್ತಿ ಆಡಿಸಿದ ನಿನ್ನ ಮೇಲೆ ಇದೆ. ನನ್ನ ಮೇಲೆಯೂ ಇದೆ. ಇದೆಂಥ ಲೆಕ್ಕವೋ, ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳಿಗೆ ಬಿಡಿಸಲಾಗುತ್ತಿಲ್ಲ.

ಬೇಸಿಗೆಗೆ ಬರುತ್ತೇನೆ ಎಂದಿದ್ದೀಯ. ಬೇಡ. ಈ ಬೇಸಿಗೆ ಬೇಡ ಸತ್ಯಾ. ಅವರು ಹೋದರೆ ನಾಣಿಯವರು ತಿಳಿಸುತ್ತಾರೆ, ಆಗ ಬಾ.

ಅವರನ್ನು ಮಗ್ಗುಲು ಹೊರಳಿಸಬೇಕು. ಒಬ್ಬಳ ಕೈಲಾಗುವುದಿಲ್ಲ, ಕೆಳಗೆ ಹೋಗಿ ನಾಣಿಯವರನ್ನು ಕರೆಯುತ್ತೇನೆ.

ಅಂಬುಜಾ